ಕಾರವಾರದ ಉಪ್ಪುಗಾಳಿಯಲ್ಲಿ ಸೈಕಲ್‌ಗೆ ಯಾವ ಲಾಕ್?

ಪ್ರಶ್ನೆ (ಕೋಡಿಬಾಗ, ಕಾರವಾರ): ಅಣ್ಣಾ, ನಮಸ್ಕಾರ. ಮಗನಿಗೆ ಈ ವರ್ಷ ₹14,000ದ ಗೇರ್ ಸೈಕಲ್ ಕೊಡಿಸಿದ್ದೇವೆ. ಬೆಳಿಗ್ಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಗೆಳೆಯರ ಜೊತೆ ಟ್ಯಾಗೋರ್ ಬೀಚ್. ಹೋದ ವಾರ ಅವನ ಸ್ನೇಹಿತನ ಸೈಕಲ್ ಬಸ್ ಸ್ಟ್ಯಾಂಡ್ ಹತ್ತಿರ ಕಳುವಾಯಿತು. ಕೇಬಲ್ ಲಾಕ್ ಹಾಕಿದ್ದನಂತೆ. ನಮ್ಮದಕ್ಕೂ ಇರುವುದು ಅದೇ. ಏನು ಹಾಕಿಸಬೇಕು ಹೇಳಿ.

ಉತ್ತರ (ಸೈಕಲ್ ಅಂಗಡಿ ಮತ್ತು ರಿಪೇರಿ): ಅಕ್ಕಾ, ಮೊದಲು ಒಂದು ವಿಷಯ ವಿಚಾರಿಸಿ. ಆ ಹುಡುಗ ಸೈಕಲ್ಲನ್ನು ಏನಕ್ಕಾದರೂ ಕಟ್ಟಿದ್ದನಾ, ಇಲ್ಲ ಚಕ್ರಕ್ಕೆ ಮಾತ್ರ ಲಾಕ್ ಸುತ್ತಿ ಹೋಗಿದ್ದನಾ? ನನ್ನ ಅಂಗಡಿಗೆ ಬಂದು "ಸೈಕಲ್ ಹೋಯ್ತು" ಎನ್ನುವವರಿಗೆಲ್ಲ ನಾನು ಕೇಳುವುದು ಇದನ್ನೇ. ಹೆಚ್ಚಿನವರು ಯಾವುದಕ್ಕೂ ಕಟ್ಟಿರುವುದಿಲ್ಲ. ಚಕ್ರ ತಿರುಗದಿದ್ದರೇನಂತೆ, ಗೇರ್ ಸೈಕಲ್ ಹದಿನೈದು ಕಿಲೋ ಚಿಲ್ಲರೆ. ಇಬ್ಬರು ಎತ್ತಿ ಟೆಂಪೋಗೆ ಹಾಕಿದರೆ ಮುಗಿಯಿತು. ಲಾಕ್ ಒಡೆಯುವ ಕೆಲಸವನ್ನು ಆಮೇಲೆ ಮನೆಯಲ್ಲಿ ಆರಾಮಾಗಿ ಮಾಡಿಕೊಳ್ಳುತ್ತಾರೆ.

ಹಾಗಾಗಿ ಯಾವ ಲಾಕ್ ಅನ್ನುವುದಕ್ಕಿಂತ ಮೊದಲು ಎಲ್ಲಿಗೆ ಕಟ್ಟುತ್ತೀರಿ ಅನ್ನುವುದು ಮುಖ್ಯ. ಸಿಮೆಂಟಿನಲ್ಲಿ ಹೂತ ಕಬ್ಬಿಣದ ರೇಲಿಂಗ್ ಒಳ್ಳೆಯದು. ಬೋರ್ಡಿನ ಕಂಬ ಆದರೆ ಮೇಲ್ತುದಿ ನೋಡಿ. ಗಿಡ್ಡ ಕಂಬವಾದರೆ ಸೈಕಲ್ಲನ್ನು ಲಾಕ್ ಸಮೇತ ಮೇಲಿಂದ ತೆಗೆದುಬಿಡಬಹುದು. ಕಂಬವನ್ನು ಒಮ್ಮೆ ಅಲ್ಲಾಡಿಸಿಯೂ ನೋಡಿ. ನಮ್ಮ ಕಡೆ ಮಳೆಗೆ ಬುಡ ತುಕ್ಕು ಹಿಡಿದು ನಿಂತ ಕಂಬಗಳು ಬೇಕಾದಷ್ಟಿವೆ.

ಕೇಬಲ್ ಲಾಕ್ ಬಗ್ಗೆ ನೇರವಾಗಿ ಹೇಳುತ್ತೇನೆ. ಹೊರಗೆ ದಪ್ಪ ಕಾಣುವುದು ಪ್ಲಾಸ್ಟಿಕ್. ಒಳಗಿರುವುದು ಸಣ್ಣ ತಂತಿಗಳ ಹೆಣಿಗೆ. ಒಳ್ಳೆಯ ಕಟರ್ ಇದ್ದರೆ ಕೆಲವೇ ಸೆಕೆಂಡಿನ ಕೆಲಸ. ಅದನ್ನು ಬಿಸಾಡಬೇಡಿ, ಮುಂದಿನ ಚಕ್ರ ಕಟ್ಟಲು ಬರುತ್ತದೆ. ಆದರೆ ಸೈಕಲ್ ಕಾಯಲು ಅದೊಂದನ್ನೇ ನಂಬಬೇಡಿ.

ನಿಮ್ಮ ಸೈಕಲ್‌ಗೆ ಯು-ಲಾಕ್, ಅಂದರೆ U ಆಕಾರದ ಗಟ್ಟಿ ಉಕ್ಕಿನ ಸರಳಿನ ಲಾಕ್ ಹಾಕಿಸಿ. ಇಲ್ಲವಾದರೆ ಹದ ಮಾಡಿದ ಗಟ್ಟಿ ಉಕ್ಕಿನ, 8 ಮಿ.ಮೀ.ಗಿಂತ ದಪ್ಪ ಕೊಂಡಿಗಳ ಚೈನ್ ಲಾಕ್. ಸೈಕಲ್ ಬೆಲೆಯ ಹತ್ತನೇ ಒಂದು ಪಾಲು ಲಾಕಿಗೆ ಇಡಿ ಅನ್ನುವುದು ನಮ್ಮ ಕಸುಬಿನವರ ಹಳೆಯ ಲೆಕ್ಕ. ಅದು ಸರಿಯಾದ ಲೆಕ್ಕವೇ.

ಹಾಕುವ ರೀತಿಯನ್ನು ಮಗನಿಗೆ ಒಮ್ಮೆ ಮಾಡಿ ತೋರಿಸಿ. ಲಾಕ್ ಮೂರನ್ನೂ ಸೇರಿಸಿ ಹಿಡಿಯಬೇಕು: ಫ್ರೇಮ್, ಹಿಂದಿನ ಚಕ್ರ, ಕಂಬ. ಮುಂದಿನ ಚಕ್ರವನ್ನು ಮಾತ್ರ ಕಟ್ಟಿದರೆ ಆ ಚಕ್ರವನ್ನು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ಎಷ್ಟೋ ಗೇರ್ ಸೈಕಲ್‌ಗಳಲ್ಲಿ ಚಕ್ರಕ್ಕೂ ಸೀಟಿಗೂ ಕ್ವಿಕ್ ರಿಲೀಸ್ ಇರುತ್ತದೆ, ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಬಹುದು. ಅದನ್ನು ತೆಗೆಸಿ, ಆರು ಮೂಲೆಯ ಕೀ ಇಲ್ಲದೆ ಬಿಚ್ಚಲಾಗದ ಅಲೆನ್ ಬೋಲ್ಟ್ ಹಾಕಿಸಿ. ಕಡಿಮೆ ಖರ್ಚು, ಜಾಸ್ತಿ ಹೊತ್ತೂ ಬೇಡ. ಯು-ಲಾಕಿನ ಒಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು, ರಾಡ್ ತೂರಿಸಿ ಮೀಟಲು ಜಾಗ ಸಿಗುವುದಿಲ್ಲ. ಚೈನ್ ನೆಲಕ್ಕೆ ತಾಗಬಾರದು. ನೆಲದ ಮೇಲಿದ್ದರೆ ಸುತ್ತಿಗೆಯಲ್ಲಿ ಜಜ್ಜುವುದು ಸುಲಭ.

ಪ್ರಶ್ನೆ (ಕುಮಟಾ): ನಾನು ಒಳ್ಳೆಯ ಲಾಕನ್ನೇ ತಗೊಂಡಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಾವಿ ತಿರುಗುವುದೇ ಇಲ್ಲ. ತೆಂಗಿನೆಣ್ಣೆ ಹಾಕಿದೆ, ಎರಡು ದಿನ ಸರಿ ಇತ್ತು, ಈಗ ಮೊದಲಿಗಿಂತ ಕಷ್ಟ. ಲಾಕ್ ಬೇಡವೇ ಬೇಡ ಅನಿಸಿದೆ.

ಉತ್ತರ (ಸೈಕಲ್ ಅಂಗಡಿ): ಬೇಡ ಅನ್ನಬೇಡಿ ಮಾರಾಯರೇ. ಕರಾವಳಿಯ ದೊಡ್ಡ ಸಮಸ್ಯೆಯೇ ಇದು. ಇಲ್ಲಿ ಲಾಕಿಗೆ ಕಳ್ಳನಿಗಿಂತ ಮೊದಲು ಉಪ್ಪುಗಾಳಿ ಕೈ ಹಾಕುತ್ತದೆ. ಚಾವಿ ಬಿಗಿಯಾಯಿತು ಅಂತ ಜನ ಲಾಕ್ ಹಾಕುವುದನ್ನೇ ಬಿಡುತ್ತಾರೆ, ಆಗ ಸೈಕಲ್ ಹೋಗುತ್ತದೆ.

ತೆಂಗಿನೆಣ್ಣೆ ಒಳಗೆ ಹೋಗಿ ನಿಧಾನಕ್ಕೆ ಅಂಟಾಗುತ್ತದೆ. ಬೀಚಿನ ಸಣ್ಣ ಮರಳೂ ಧೂಳೂ ಅದಕ್ಕೆ ಮೆತ್ತಿಕೊಳ್ಳುತ್ತವೆ. ಮೊದಲು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಚಾವಿಯನ್ನು ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಿ, ಬಂದ ಕೊಳೆ ಒರೆಸಿ. ಜೋರು ಮಾಡಿ ತಿರುಗಿಸಬೇಡಿ, ಚಾವಿ ಒಳಗೇ ಮುರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಗ್ರಾಫೈಟ್ ಪುಡಿ ಹಾಕಿ. ಅದು ಸಿಗದಿದ್ದರೆ ಪೆನ್ಸಿಲ್ ಸೀಸವನ್ನು ಚಾವಿಯ ಹಲ್ಲಿಗೆ ಚೆನ್ನಾಗಿ ತಿಕ್ಕಿ ಒಳಗೆ ಹಾಕಿ ತೆಗೆಯಿರಿ. ಸ್ಪ್ರೇ ಒಂದೇ ಸಾಕು ಅನ್ನುವವರಿದ್ದಾರೆ. ಅದು ಆರಿಹೋಗುತ್ತದೆ, ತುಕ್ಕು ತಿರುಗಿ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಇದನ್ನು ಮಾಡಿ. ಲಾಕ್ ಹಾಕುವಾಗ ಚಾವಿಯ ತೂತು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ, ಕಳ್ಳನಿಗೆ ಕೈ ಹಾಕುವುದೂ ಕಷ್ಟ. ಚೈನ್ ಲಾಕಿಗೆ ಬಟ್ಟೆಯ ಕವರ್ ಇದ್ದರೆ ಆಗಾಗ ಸರಿಸಿ ನೋಡಿ. ಉಪ್ಪುನೀರು ಅದರೊಳಗೆ ಕೂತು ಕೊಂಡಿಗಳನ್ನು ತಿನ್ನುತ್ತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ಪ್ರಶ್ನೆ (ಶಿರಸಿ, ಹಾಸ್ಟೆಲ್ ವಿದ್ಯಾರ್ಥಿನಿ): ಅಣ್ಣಾ, ನನ್ನದು ನಾಲ್ಕು ಅಂಕಿಯ ನಂಬರ್ ಲಾಕ್. ಚಾವಿ ಕಳೆಯುವ ಚಿಂತೆ ಇಲ್ಲ ಅಂತ ತಗೊಂಡೆ. ಅದು ಸಾಕಾ? ಸೈಕಲ್ ಒಳಗೆ ಟ್ರ್ಯಾಕರ್ ಇಟ್ಟರೆ ಹೇಗೆ?

ಉತ್ತರ (ಸೈಕಲ್ ಅಂಗಡಿ): ತಂಗಿ, ನಂಬರ್ ಲಾಕ್ ಹಾಕುವಾಗ ಹೆಚ್ಚಿನವರು ಕೊನೆಯ ಅಂಕಿಯೊಂದನ್ನೇ ಒಂದು ಮನೆ ತಿರುಗಿಸಿ ಹೋಗುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಅಷ್ಟು ಸಾಕು. ನಾಲ್ಕನ್ನೂ ಕಲಸಿಬಿಡಿ. ಹುಟ್ಟಿದ ವರ್ಷ, ಮೊಬೈಲಿನ ಕೊನೆಯ ನಾಲ್ಕು ಅಂಕಿ ಇಡಬೇಡಿ. ಅಗ್ಗದ ನಂಬರ್ ಲಾಕ್ ಆದರೆ ಎಳೆದು ಹಿಡಿದು ಚಕ್ರ ತಿರುಗಿಸುತ್ತಾ ಹೋದರೆ ಸರಿಯಾದ ಅಂಕಿ ಕೈಗೇ ತಿಳಿಯುತ್ತದೆ. ಹಾಸ್ಟೆಲ್ ಕಾಂಪೌಂಡ್ ಒಳಗೆ ಪರವಾಗಿಲ್ಲ. ಪೇಟೆಗೆ ಹೋಗುವಾಗ ಸಾಲದು. ಮಾರಿಕಾಂಬಾ ಜಾತ್ರೆಯ ಗದ್ದಲಕ್ಕಂತೂ ಸೈಕಲ್ ತರಲೇಬೇಡಿ.

ಬ್ಲೂಟೂತ್ ಟ್ಯಾಗ್ ಇಡಬಹುದು. ಅದು ತಾನೇ ಜಾಗ ಹೇಳುವುದಿಲ್ಲ, ಹತ್ತಿರ ಹಾದು ಹೋಗುವವರ ಫೋನ್ ಹೇಳಬೇಕು. ಪೇಟೆಯಲ್ಲಿ ಉಪಯೋಗ ಇದೆ. ದೇವಿಮನೆ ಘಟ್ಟದಲ್ಲೋ ಒಳಗಿನ ಹಳ್ಳಿಯಲ್ಲೋ ಜನರೇ ಇಲ್ಲದ ಕಡೆ ಸುಮ್ಮನಾಗುತ್ತದೆ. ಸಿಮ್ ಇರುವ ಜಿಪಿಎಸ್ ಆದರೆ ಚಾರ್ಜ್ ಮಾಡುತ್ತಿರಬೇಕು, ನೆಟ್‌ವರ್ಕ್ ಸಿಗಬೇಕು. ಮೊದಲು ಒಳ್ಳೆಯ ಲಾಕಿಗೆ ದುಡ್ಡು ಹಾಕಿ, ಉಳಿದರೆ ಟ್ಯಾಗ್. ಮತ್ತೆ, ಫೋನಿನಲ್ಲಿ ಜಾಗ ಕಂಡಿತು ಅಂತ ಒಬ್ಬಳೇ ಹುಡುಕಿಕೊಂಡು ಹೋಗಬೇಡಮ್ಮ. ಪೊಲೀಸರಿಗೆ ತೋರಿಸು.

ಪ್ರಶ್ನೆ (ಅಂಕೋಲಾ): ನಮ್ಮದು ಮನೆಯ ಅಂಗಳದಿಂದಲೇ ಹೋಗಿದ್ದು. ಹೊಸದಕ್ಕೆ ಗೋಡೆಗೆ ಕೊಂಡಿ ಹೊಡೆಸಬೇಕೆಂದಿದ್ದೇನೆ.

ಉತ್ತರ (ಸೈಕಲ್ ಅಂಗಡಿ): ಗೋಡೆ ಚಿರೆಕಲ್ಲಿನದಾದರೆ ಬೇಡ. ಮೆತ್ತಗಿನ ಕಲ್ಲು, ಬೋಲ್ಟ್ ಗಟ್ಟಿ ಕೂರುವುದಿಲ್ಲ, ಮೀಟಿದರೆ ಪುಡಿ ಸಮೇತ ಬರುತ್ತದೆ. ಅಂಗಳದ ಮೂಲೆಯಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಬಗ್ಗಿಸಿದ ದಪ್ಪ ಸರಳು ಇಟ್ಟು ಕಾಂಕ್ರೀಟ್ ಹಾಕಿಸಿ. ಸರಳಿನ ಕಾಲುಗಳನ್ನು ಕೆಳಗೆ ಹೊರಕ್ಕೆ ಮಡಚಿಸಿ. ಮೇಲೆ ಕಾಣುವ ಭಾಗಕ್ಕೆ ಪ್ರತಿ ವರ್ಷ ಪೇಂಟ್ ಬೇಕು. ಕಳುವಾದದ್ದಕ್ಕೆ ದೂರು ಕೊಟ್ಟಿರಾ?

ಅಂಕೋಲಾ: ಇಲ್ಲ. ಬಿಲ್ ಎಲ್ಲಿದೆಯೋ ಗೊತ್ತಿಲ್ಲ. ಸೈಕಲ್‌ಗೆಲ್ಲ ಯಾರು ದೂರು ತಗೋತಾರೆ?

ಉತ್ತರ (ವಕೀಲರು, ಹೊನ್ನಾವರ): ಇದನ್ನು ನಾನು ಹೇಳುತ್ತೇನೆ. ದೂರು ಕೊಡಿ. "ಕಳೆದುಹೋಗಿದೆ" ಎಂದಲ್ಲ, "ಕಳುವಾಗಿದೆ" ಎಂದೇ ಬರೆದುಕೊಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಕಳವು ಅದರ 303ನೇ ಕಲಮಿನಲ್ಲಿ ಬರುತ್ತದೆ. ಅಲ್ಲಿ ₹5,000 ಒಂದು ಗೆರೆ. ಅದಕ್ಕಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಸಲ ಕದ್ದವನು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಹಾಗಾಗಿ ಬೆಲೆ ತೋರಿಸುವ ಬಿಲ್ಲಿಗೆ ಮಹತ್ವ ಇದೆ. ಅಂಗಡಿಯಲ್ಲಿ ನಕಲು ಕೇಳಿ, ಆನ್‌ಲೈನ್‌ನಲ್ಲಿ ಹಣ ಕೊಟ್ಟಿದ್ದರೆ ಅದರ ದಾಖಲೆ ತೆಗೆಯಿರಿ. ಎಫ್‌ಐಆರ್ ಆದರೆ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಉತ್ತರ (ಸೈಕಲ್ ಅಂಗಡಿ): ವಕೀಲರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೈಕಿಗಿರುವಂತೆ ಸೈಕಲ್‌ಗೆ ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಸಿಕ್ಕಿದ ಸೈಕಲ್ ನಿಮ್ಮದೇ ಅಂತ ಹೇಳಲು ಇರುವುದು ಫ್ರೇಮ್ ನಂಬರ್ ಒಂದೇ. ಗೇರ್ ಸೈಕಲ್ಲನ್ನು ತಲೆಕೆಳಗೆ ಮಾಡಿದರೆ ಪೆಡಲ್ ಇರುವ ಜಾಗದ ಅಡಿಯಲ್ಲಿ ಕೊರೆದಿರುತ್ತದೆ. ಹಳೆ ಮಾದರಿಯ ಸೈಕಲ್‌ಗಳಲ್ಲಿ ಸೀಟಿನ ಕೆಳಗಿನ ಪೈಪಿನಲ್ಲೂ ಇರುವುದುಂಟು. ಇವತ್ತೇ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ. ಹ್ಯಾಂಡಲ್ ಪೈಪಿನೊಳಗೆ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟು ಗ್ರಿಪ್ ಹಾಕಿಬಿಡಿ. ಬಣ್ಣ ಬದಲಿಸಿದರೂ ಅದು ಒಳಗೇ ಇರುತ್ತದೆ.

ಪ್ರಶ್ನೆ (ಸದಾಶಿವಗಡ): ಒಬ್ಬರು ಹಳೆ ಗೇರ್ ಸೈಕಲ್ ತೀರಾ ಕಡಿಮೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಬಿಲ್ ಇಲ್ಲ. ತಗೊಳ್ಳಬಹುದಾ?

ಉತ್ತರ (ಸೈಕಲ್ ಅಂಗಡಿ): ಫ್ರೇಮ್ ನಂಬರ್ ನೋಡಿ. ಅಲ್ಲಿ ಉಜ್ಜಿದ ಗುರುತೋ ಹೊಸ ಪೇಂಟೋ ಇದ್ದರೆ ಬಿಟ್ಟುಬಿಡಿ. ನಂಬರ್ ಸರಿ ಇದ್ದರೆ ಮಾರುವವರ ಆಧಾರ್ ಪ್ರತಿ, ಸಹಿ ಮಾಡಿದ ಚೀಟಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ತಗೊಳ್ಳಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಕೊಂಡವರ ಮೇಲೂ ಕೇಸಾಗುತ್ತದೆ. ಚಾವಿ ಕಳೆದಿದೆ, ಲಾಕ್ ಕತ್ತರಿಸಿಕೊಡಿ ಅಂತ ನನ್ನ ಅಂಗಡಿಗೆ ಬಂದವರಿಗೂ ನಾನು ಬಿಲ್ಲೋ ಹಳೆಯ ಫೋಟೋವೋ ಕೇಳುತ್ತೇನೆ. ಪರಿಚಯದವರು ಬೇಜಾರು ಮಾಡಿಕೊಂಡದ್ದೂ ಇದೆ. ಆದರೂ ತೋರಿಸದೆ ಕಟರ್ ಮುಟ್ಟುವುದಿಲ್ಲ.