'ಮಾತೃಜನ್ಯ ರೋಗನಿರೋಧಕ ಶಕ್ತಿ': ಹಂದಿಮರಿಗೆ ಈ ಪದ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹಂದಿ ಸಾಕುವವರಿಗಾಗಿ ಫ್ಲೂ ಲಸಿಕೆಯ ಬಗ್ಗೆ ಕೈಪಿಡಿ ಬರೆಯುತ್ತಿದ್ದೇನೆ. 'ಮಾತೃಜನ್ಯ ರೋಗನಿರೋಧಕ ಶಕ್ತಿ ಇಳಿದ ಮೇಲೆ ಮರಿಗಳಿಗೆ ಲಸಿಕೆ ಹಾಕಿಸಿ' ಎಂದು ಬರೆದಿದ್ದೆ. ಕರಡು ಓದಿದ ಗೆಳೆಯರು, 'ಹುಟ್ಟಿನಲ್ಲೇ ತಾಯಿಯಿಂದ ಬಂದದ್ದು ಇಳಿಯುವುದು ಹೇಗೆ?' ಎಂದು ಕೇಳಿದರು. ಅದನ್ನು ವಂಶಪಾರಂಪರ್ಯದ ಗುಣ ಎಂದು ತಿಳಿದಿದ್ದರು. ತಪ್ಪು ಅವರದಲ್ಲ, ಪದದ್ದು.

ಹಂದಿಯ ವಿಷಯದಲ್ಲಂತೂ ಈ 'ಜನ್ಯ' ಪೂರಾ ದಾರಿ ತಪ್ಪಿಸುತ್ತದೆ. ಮನುಷ್ಯರ ಕೂಸಿಗೆ ತಾಯಿಯ ಪ್ರತಿಕಾಯಗಳು (ರೋಗಾಣುವನ್ನು ಎದುರಿಸಲು ಮೈ ಕಟ್ಟಿಕೊಳ್ಳುವ ಪ್ರೋಟೀನುಗಳು) ಗರ್ಭದಲ್ಲೇ ಸಿಗುತ್ತವೆ. ಹಂದಿಯ ಮಾಸು ಅವನ್ನು ದಾಟಲು ಬಿಡುವುದಿಲ್ಲ. ಮರಿಗೆ ಸಿಗುವುದೆಲ್ಲ ಗಿಣ್ಣುಹಾಲಿನಿಂದ, ಅದೂ ಹೆಚ್ಚುಕಡಿಮೆ ಮೊದಲ ಒಂದು ದಿನದೊಳಗೆ. ಆಮೇಲೆ ಕರುಳು ಅವನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದಿಲ್ಲ. ಬೇಗ ಮೊಲೆ ಹಿಡಿದು ಹೊಟ್ಟೆ ತುಂಬ ಕುಡಿದ ಮರಿಗೂ, ಕೊನೆಗೆ ಹುಟ್ಟಿ ನಡುಗುತ್ತ ಹಿಂದೆ ಬಿದ್ದ ಮರಿಗೂ ಸಿಗುವ ಪಾಲು ಬೇರೆ. ತಾಯಿ ಒಬ್ಬಳೇ, ಸೂಲು ಒಂದೇ, ಕಾಪು ಮಾತ್ರ ಒಂದೇ ಅಲ್ಲ.

ಈ ಪಾಲು ವಾರದಿಂದ ವಾರಕ್ಕೆ ಕರಗುತ್ತದೆ. ತಾಯಿಯಲ್ಲಿ ಪ್ರತಿಕಾಯ ಹೆಚ್ಚಿದ್ದರೆ 10 ವಾರ ದಾಟಿಯೂ ಉಳಿದೀತು. ಅದು ಇರುವಾಗಲೇ ಚುಚ್ಚಿದರೆ ಮರಿಯ ಮೈ ತನ್ನದೇ ಪ್ರತಿಕಾಯವನ್ನು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಹಾಗೆ ನಿಷ್ಕ್ರಿಯ ಲಸಿಕೆ (ಕೊಂದ ವೈರಾಣುವಿನಿಂದ ಮಾಡಿದ್ದು) ಪಡೆದ ಮರಿಗೆ ಆಮೇಲೆ ಬೇರೆ ತಳಿಯ ವೈರಾಣು ತಗಲಿದಾಗ ಶ್ವಾಸಕೋಶದ ಹಾನಿ ಹೆಚ್ಚಾದದ್ದೂ ಪ್ರಯೋಗಗಳಲ್ಲಿ ಕಂಡಿದೆ. ತೀರ ತಡಮಾಡಿದರೆ ತಾಯಿಯದೂ ಇಲ್ಲ, ತನ್ನದೂ ಇಲ್ಲ. ಈ ನಡುವಿನ ದಿನಗಳಿಗೆ 'ಸಂಧಿಕಾಲ' ಎಂದು ಬರೆದೆ. ಅದು ಗೆಳೆಯರಿಗೆ ತಟ್ಟನೆ ಹೊಳೆಯಿತು.

'ರೋಗನಿರೋಧಕ' ಎಂಬ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಗಿಣ್ಣು ಕುಡಿದ ಮರಿ ಹೆಚ್ಚು ಕೆಮ್ಮದೆ ಇರಬಹುದು, ಆದರೂ ವೈರಾಣು ತಗಲಿ ಪಕ್ಕದ ಮರಿಗೆ ಹರಡುತ್ತದೆ. ತಡೆಯುವುದು ರೋಗವನ್ನು, ಸೋಂಕನ್ನಲ್ಲ. ಪದ ಅಷ್ಟನ್ನೇ ಹೇಳುತ್ತದೆ.

ಬದಲಿಗೆ ಏನು? 'ಎರವಲು ಶಕ್ತಿ' ಎಂದರೆ ಮರಳಿಸಬೇಕಾದ್ದು ಎನಿಸುತ್ತದೆ. ಇದು ಮರಳುವುದಿಲ್ಲ, ಕರಗುತ್ತದೆ. 'ತಾಯ್ಗಾಪು' ಕಿವಿಗೆ ಹಿತ, ಆದರೆ ಗರ್ಭವೋ ಹಾಲೋ ಎಂಬುದು ತಿಳಿಯುವುದಿಲ್ಲ. 'ಗಿಣ್ಣುಗಾಪು' ಎಂಬುದರ ಕಡೆಗೆ ನನ್ನ ಒಲವು. ಎಲ್ಲಿಂದ ಬಂತು, ಯಾವಾಗ ಬಂತು ಎರಡೂ ಅದರಲ್ಲೇ ಇವೆ.

ನನ್ನ ಅಳುಕು ಒಂದೇ. 'ಗಿಣ್ಣು' ಹಸು, ಎಮ್ಮೆಗೆ ಸಲ್ಲುವ ಮಾತಾಗಿ ನನ್ನ ಕಿವಿಗೆ ಬಿದ್ದಿದೆ. ಹಂದಿ ಸಾಕುವ ಮನೆಗಳಲ್ಲಿ ಈದ ಹಂದಿಯ ಮೊದಲ ಹಾಲಿಗೂ ಅದನ್ನೇ ಅನ್ನುತ್ತಾರೆಯೇ, ಅಥವಾ ಬೇರೆ ಪದವಿದೆಯೇ? ಕೇಳಿದವರು, ಆಡುವವರು ದಯವಿಟ್ಟು ತಿಳಿಸಿ.