ಕೊಡಗಿನಲ್ಲಿ ಒಂದೇ ದಿನವಿದ್ದರೆ: ಮಡಿಕೇರಿ ಕೋಟೆಯ ಅರಮನೆಯೋ, ನಾಲ್ಕುನಾಡು ಅರಮನೆಯೋ?

ಹಾರಂಗಿ ತೀರ: ಕೊಡಗಿಗೆ ಒಂದು ದಿನದ ಮಟ್ಟಿಗೆ ಬರುವವರು ಮಡಿಕೇರಿಯ ಕೋಟೆಯನ್ನು ಸುತ್ತಿ, ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಕೊಡಗನ್ನಾಳಿದ ಹಾಲೇರಿ ಅರಸರ ಕಾಲವನ್ನೇ ಕಂಡಂತಾಯಿತೆಂದು ಹಿಂದಿರುಗುತ್ತಾರೆ. ಅವರು ಮೊದಲು ಹೋಗಬೇಕಾದದ್ದು ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿರುವ ನಾಲ್ಕುನಾಡು ಅರಮನೆಗೆ. ಆ ವಂಶದ ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಆ ಎರಡಂತಸ್ತಿನ ಕಟ್ಟಡದಲ್ಲಿ ಕೆತ್ತನೆಯ ಮರದ ಕಂಬಗಳೂ ಗೋಡೆಯ ಚಿತ್ರಗಳೂ ಉಳಿದಿವೆ, ಅಂಗಳದಲ್ಲಿ ಅರಸನ ಮದುವೆಯ ಮಂಟಪವಿದೆ. ಮಡಿಕೇರಿಯಲ್ಲಿರುವುದು ಟಿಪ್ಪುವಿನ ಕೋಟೆ, ಅದರೊಳಗೆ ದಶಕಗಟ್ಟಲೆ ಸರ್ಕಾರಿ ಕಚೇರಿಯಾಗಿದ್ದ ಒಂದು ಕಟ್ಟಡ.

ಕೋಟೆಬೀದಿ: "ಟಿಪ್ಪುವಿನ ಕೋಟೆ" ಎಂದು ಬರೆಯುವ ಮುನ್ನ ಒಂದು ಕ್ಷಣ ಯೋಚಿಸಬೇಕಿತ್ತು. ಹಾಲೇರಿಯಿಂದ ರಾಜಧಾನಿಯನ್ನು ಮಡಿಕೇರಿಗೆ ತಂದು ಅಲ್ಲಿ ಕೋಟೆ ಕಟ್ಟಿಸಿದವನು ಅದೇ ವಂಶದ ಮುದ್ದುರಾಜ. ಆಗ 1681, ಟಿಪ್ಪು ಹುಟ್ಟುವುದಕ್ಕೆ ಇನ್ನೂ ಏಳು ದಶಕಗಳಿದ್ದವು.

ಇತಿಹಾಸ ವಿದ್ಯಾರ್ಥಿ: ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಇಂದು ನಾವು ನೀವು ನೋಡುತ್ತಿರುವ ಕಲ್ಲಿನ ಗೋಡೆಗಳೂ ಕೊತ್ತಲಗಳೂ ಟಿಪ್ಪು ಅದನ್ನು ಹಿಡಿದು ಜಾಫರಾಬಾದ್ ಎಂದು ಕರೆದ ಕಾಲದವು. ಕಣ್ಣಿಗೆ ಕಾಣುವ ಕಟ್ಟಡದ ಬಗ್ಗೆ ಮಾತನಾಡುವಾಗ ಕಾಣದ ಕಟ್ಟಡದ ವರ್ಷವನ್ನು ಮುಂದಿಡುವುದು ಸರಿಯಲ್ಲ.

ಕೋಟೆಬೀದಿ: ಜಾಫರಾಬಾದ್ ಎಂಬ ಹೆಸರು ಎಷ್ಟು ವರ್ಷ ಉಳಿಯಿತು ಎಂಬುದನ್ನೂ ತಾವೇ ಹೇಳಬೇಕಿತ್ತು. ದೊಡ್ಡವೀರರಾಜೇಂದ್ರ ಕೋಟೆಯನ್ನು ಮರಳಿ ಪಡೆದ ಮೇಲೆ ಆ ಹೆಸರನ್ನು ಯಾರೂ ಬಳಸಲಿಲ್ಲ. ಒಳಗಿನ ಅರಮನೆಯಂತೂ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ್ದು. ಅರಮನೆಯನ್ನು ನೋಡಲು ಬಂದವರಿಗೆ ಗೋಡೆಯನ್ನು ತೋರಿಸಿ ಕಳುಹಿಸುವುದು ಎಂಥ ನ್ಯಾಯ?

ಹಾರಂಗಿ ತೀರ: ಲಿಂಗರಾಜೇಂದ್ರನ ಅರಮನೆಯೂ ಆತ ಬಿಟ್ಟುಹೋದಂತೆ ಉಳಿದಿಲ್ಲ. ಗಡಿಯಾರದ ಗೋಪುರ, ಕಮಿಷನರರ ಕಾರು ನಿಲ್ಲಿಸುವ ಮುಂಚಾವಡಿ, ಇವೆಲ್ಲ 1933ರಲ್ಲಿ ಬ್ರಿಟಿಷರು ಸೇರಿಸಿದವು. ಕೋಟೆಯೊಳಗಿನ ವಸ್ತುಸಂಗ್ರಹಾಲಯವೂ 1855ರ ಇಗರ್ಜಿಯಲ್ಲಿದೆ. ನಾಲ್ಕುನಾಡಿನಲ್ಲಿ ಅರಸನ ಕಾಲದ ಮರವನ್ನೇ ಕೈಯಿಂದ ಮುಟ್ಟಬಹುದು.

ಮೂರ್ನಾಡು ಮೇಷ್ಟ್ರು: ಗೋಡೆಯ ಚಿತ್ರವನ್ನಾಗಲಿ ಕೆತ್ತನೆಯನ್ನಾಗಲಿ ಕೈಯಿಂದ ಮುಟ್ಟಬಹುದೆಂದು ಸಾರ್ವಜನಿಕವಾಗಿ ಬರೆಯುವುದು ತಪ್ಪು, ಹಾಗೆ ಮುಟ್ಟಿ ಮುಟ್ಟಿಯೇ ಅವು ಹಾಳಾಗುತ್ತವೆ. ಇನ್ನು ನಾಲ್ಕುನಾಡನ್ನು ಅಷ್ಟೊಂದು ಹೊಗಳಲು ಏನಿದೆ? 1834ರಲ್ಲಿ ಇಂಗ್ಲಿಷರ ಪಡೆಗಳು ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಹೋಗಿ ಅಡಗಿದ ಜಾಗ ಅದು. ರಾಜ್ಯವಾಳಿದ ಸ್ಥಳ ಮಡಿಕೇರಿ.

ಕಕ್ಕಬ್ಬೆಯಕ್ಕ: ಮೇಷ್ಟ್ರೇ, "ಅಡಗಿದ ಜಾಗ" ಎಂಬ ಮಾತು ನನಗೆ ಬಹಳ ನೋವು ತಂದಿದೆ. ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದಾಗ ರಾಜಧಾನಿಯ ಕೋಟೆ ಶತ್ರುವಿನ ಕೈಯಲ್ಲಿತ್ತು. ಒಮ್ಮೆ ಹಾಗೆ ನೆಲೆ ಕಳೆದುಕೊಂಡ ಅರಸ, ಬೆಟ್ಟವೇ ಬೆನ್ನಿಗೆ ಕಾವಲಿರುವ ಕಾಡಿನೊಳಗೆ ಎರಡನೆಯ ಅರಮನೆಯನ್ನು ಕಟ್ಟಿಸಿದ್ದು ದೂರದೃಷ್ಟಿ, ಅದನ್ನು ಹೇಡಿತನವೆಂದು ನಮ್ಮೂರಿನವರು ಒಪ್ಪುವುದಿಲ್ಲ.

ಮೂರ್ನಾಡು ಮೇಷ್ಟ್ರು: ಹೇಡಿತನ ಎಂಬ ಪದವನ್ನು ನಾನು ಬಳಸಿಯೇ ಇಲ್ಲ.

ಇತಿಹಾಸ ವಿದ್ಯಾರ್ಥಿ: "ಶತ್ರುವಿನ ಕೈಯಲ್ಲಿತ್ತು" ಎಂದು ಅಕ್ಕನವರೇ ಬರೆದಿದ್ದಾರೆ, ಅಂದರೆ ಆ ವರ್ಷಗಳಲ್ಲಿ ಕೋಟೆ ಮೈಸೂರಿನದಾಗಿತ್ತು ಎಂಬ ನನ್ನ ವಾದಕ್ಕೆ ಇನ್ನೊಂದು ಆಧಾರ ಸಿಕ್ಕಿತು.

ಕೋಟೆಬೀದಿ: ಮತ್ತೆ ಅದೇ ಮಾತು! ಹಿಡಿದುಕೊಂಡವನಿಗೂ ಹಕ್ಕುದಾರನಿಗೂ ವ್ಯತ್ಯಾಸವಿಲ್ಲವೇ? ಹಾಗಾದರೆ 1834ರ ಮೇಲೆ ಅಲ್ಲಿ ಕುಳಿತ ಇಂಗ್ಲಿಷರದ್ದೂ ಅದೇ ಕೋಟೆ ಎನ್ನಿ. ಅರಸರ ಆಜ್ಞೆಯಂತೆ ಬರೆಸಿದ ಕೊಡಗಿನ ರಾಜರ ಚರಿತ್ರೆ ರಾಜೇಂದ್ರನಾಮೆಯನ್ನು ಒಮ್ಮೆ ಓದಿ, ಕೊಡಗಿನವರು ಈ ನೆಲಕ್ಕಾಗಿ ಎಷ್ಟು ಸಲ ಎದ್ದು ನಿಂತರೆಂಬುದು ತಿಳಿಯುತ್ತದೆ.

ಇತಿಹಾಸ ವಿದ್ಯಾರ್ಥಿ: "ಅರಸರ ಆಜ್ಞೆಯಂತೆ ಬರೆಸಿದ" ಎಂದು ತಾವೇ ಹೇಳಿದ ಮೇಲೆ ಅದನ್ನೇ ಸಾಕ್ಷಿಯಾಗಿ ಕೊಟ್ಟರೆ ಹೇಗೆ ಒಪ್ಪುವುದು? ನಾನು ಕೇಳುತ್ತಿರುವುದು ಕಲ್ಲಿನ ಕಟ್ಟಡ ಯಾರ ಕಾಲದ್ದು ಎಂಬುದನ್ನು ಮಾತ್ರ.

ಕೋಟೆಬೀದಿ: ನಾನು ಕೇಳುತ್ತಿರುವುದು ಅರಮನೆ ಯಾರ ಕಾಲದ್ದು ಎಂಬುದನ್ನು. ಅದಕ್ಕೆ ತಾವು ಈವರೆಗೂ ಉತ್ತರಿಸಿಲ್ಲ.

ಕಕ್ಕಬ್ಬೆಯಕ್ಕ: ಕೋಟೆಯ ಕಲ್ಲಿನ ಜಗಳದಲ್ಲಿ ಬರುವವರಿಗೆ ಬೇಕಾದ ಮಾತನ್ನು ಯಾರೂ ಹೇಳುತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ದಾರಿ ಕಿರಿದು, ಇಂಬಳದ ಕಾಟ ವಿಪರೀತ. ಮಳೆ ನಿಂತ ಮೇಲೆ ಬೆಳಿಗ್ಗೆಯೇ ಬನ್ನಿ, ಒಳಗಿನ ಕೋಣೆಗಳಿಗೆ ಬೆಳಕು ಕಡಿಮೆ. ಬೆಟ್ಟ ಹತ್ತುವ ಆತುರದಲ್ಲಿ ಅರಮನೆಯನ್ನು ಹೊರಗಿನಿಂದ ನೋಡಿ ಹೋಗುವವರೇ ಹೆಚ್ಚು, ಅದನ್ನು ನೋಡಿದರೆ ಸಂಕಟವಾಗುತ್ತದೆ.

ಮೂರ್ನಾಡು ಮೇಷ್ಟ್ರು: ಬೆಳಕು ಕಡಿಮೆ, ದಾರಿ ಕಿರಿದು, ಇಂಬಳದ ಕಾಟ ಎಂದು ತಾವೇ ಹೇಳಿದಿರಿ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆತರುವವರಿಗೆ ಮಡಿಕೇರಿಯೇ ಸರಿ: ಕೋಟೆಯೊಳಗೆ ಗಾರೆಯ ಎರಡು ಆನೆಗಳಿವೆ, ಹತ್ತಿರದಲ್ಲೇ ಓಂಕಾರೇಶ್ವರ ದೇವಸ್ಥಾನವಿದೆ, ಅರಸರ ಗದ್ದುಗೆಗಳಿವೆ, ಅಂದರೆ ಸಮಾಧಿಗಳಿವೆ.

ಹಾರಂಗಿ ತೀರ: ಗದ್ದುಗೆಗಳು ಕೋಟೆಯೊಳಗಿಲ್ಲ, ಅವನ್ನು ಅರಮನೆಯ ಲೆಕ್ಕಕ್ಕೆ ಸೇರಿಸಬೇಡಿ. ಸುತ್ತಲಿನದನ್ನೆಲ್ಲ ಎಣಿಸುವುದಾದರೆ ನಾನು ತಡಿಯಂಡಮೋಳನ್ನೇ ನಾಲ್ಕುನಾಡಿನ ಲೆಕ್ಕಕ್ಕೆ ಬರೆಯುತ್ತೇನೆ.

ಕೋಟೆಬೀದಿ: ಬೆಟ್ಟವನ್ನು ಯಾವ ಅರಸನೂ ಕಟ್ಟಿಸಲಿಲ್ಲ. ಮೊದಲ ಬರಹದಲ್ಲಿರುವ "ಟಿಪ್ಪುವಿನ ಕೋಟೆ" ಎಂಬುದನ್ನು ತಿದ್ದಿ, ಆಮೇಲೆ ಲೆಕ್ಕದ ಮಾತಾಡೋಣ.