ದೊಡ್ಡಪ್ಪನ ಹಳೇ ವಾಚು

ಅತ್ತಿಗೆ, ಫೋಟೋ ನೋಡಿದೆ. ದೊಡ್ಡಪ್ಪ ಮಸ್ಕತ್‌ನಿಂದ ತಂದ ವಾಚು, ಡಯಲ್ ಮೇಲಿನ ಹೆಸರು ಅಳಿಸಿಹೋಗಿದೆ, ಯಾವ ಕಂಪನಿಯದು ಅಂತ ಕೇಳಿದ್ದೀರಿ ಅಲ್ವಾ? ಇದು ಸೀಕೋ. ಕ್ಯಾಸಿಯೋ ಅಲ್ಲ. ಕ್ಯಾಸಿಯೋ ಆಗಿದ್ದರೆ ಹಿಂದೆ ಒಂದು ಚೌಕದೊಳಗೆ ಮಾಡ್ಯೂಲ್ ನಂಬರ್, ಅಂದರೆ ಒಳಗಿನ ಮಷೀನಿನ ನಂಬರ್, ಇರುತ್ತಿತ್ತು.

ಹಿಂದಿನ ಮುಚ್ಚಳವನ್ನು ದೊಡ್ಡದು ಮಾಡಿ ನೋಡಿ. ಎಚ್357, ಒಂದು ಸಣ್ಣ ಗೆರೆ, ಆಮೇಲೆ ನಾಲ್ಕು ಅಂಕಿ. ಗೆರೆಯ ಮುಂಚಿನದು ಒಳಗಿನ ಮಷೀನಿನ ನಂಬರ್, ಆಮೇಲಿನದು ಕೇಸಿನದು, ಅಂದರೆ ಹೊರಕವಚದ್ದು. ಎಚ್357 ಅಂದರೆ ಮುಳ್ಳೂ ಇದೆ, ಮೇಲೆ ಪುಟ್ಟ ಡಿಜಿಟಲ್ ಕಿಂಡಿಯೂ ಇದೆ, ಅಲಾರಂ, ಸ್ಟಾಪ್‌ವಾಚ್ ಎಲ್ಲಾ ಇದೆ. ನಿಮ್ಮ ಫೋಟೋದಲ್ಲಿರುವುದೂ ಅದೇ.

ಇನ್ನು ವಯಸ್ಸು. ಅದೇ ಮುಚ್ಚಳದ ಮೇಲೆ ಬೇರೆ ಕಡೆ ಆರು ಅಕ್ಷರದ ಸೀರಿಯಲ್ ನಂಬರ್ ಇದೆ ನೋಡಿ, ಶುರುವಿನಲ್ಲಿ 2, ಆಮೇಲೆ ಎನ್. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ. ಎರಡನೆಯದು ತಿಂಗಳು. ಸೆಪ್ಟೆಂಬರ್‌ವರೆಗೆ 1ರಿಂದ 9, ಆಮೇಲೆ ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಓ ಕಂಡರೆ ಜನ ಸೊನ್ನೆ ಅಂದುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ. 72 ಯಾಕಾಗಬಾರದು ಅಂದರೆ, ಈ ಮಷೀನು ಬಂದದ್ದೇ 80ರ ದಶಕದ ಶುರುವಿನಲ್ಲಿ. ಹಾಗಾಗಿ 1982ರ ನವೆಂಬರ್. 83ರಲ್ಲಿ ದೊಡ್ಡಪ್ಪ ರಜಕ್ಕೆ ಬಂದಾಗ ತಂದರು ಅಂದಿರಲ್ಲ, ಹಾಗಾಗಿ 92 ಆಗಲಾರದು, ಸರಿಯಾಗಿ ಹೊಂದುತ್ತದೆ. ನನಗಂತೂ ಬಹಳ ಖುಷಿ ಆಯಿತು.

ಒಂದು ಕೆಲಸ ಮಾಡಿ. ಡಯಲಿನ ಕೆಳತುದಿಯಲ್ಲಿ, 6ರ ಹತ್ತಿರ, ಕೂದಲೆಳೆಯಷ್ಟು ಸಣ್ಣ ಅಕ್ಷರ ಇರುತ್ತದೆ. ಅಲ್ಲೂ ಎಚ್357 ಇದ್ದರೆ ಮುಚ್ಚಳ ಬದಲಾಗಿಲ್ಲ ಅಂತ ಧೈರ್ಯ. ಮೊಬೈಲ್ ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಹಿಂದಿನ ಕೊಳೆಯನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ನೀರು ಮುಟ್ಟಿಸಬೇಡಿ, ಒಳಗಿನ ರಬ್ಬರ್ ನಲವತ್ತು ವರ್ಷ ಹಳೇದು. ಪಾಲಿಶ್ ಅಂತೂ ಬೇಡವೇ ಬೇಡ. ಆ ನಂಬರ್ ಸವೆದರೆ ಗುರುತೇ ಹೋಯಿತು.

ಸೆಲ್ ಹಾಕಿಸುವುದಿದ್ದರೆ ಅಂಗಡಿಯವರಿಗೆ ಎ.ಸಿ. ಅಂತ ಗುರುತಿರುವ ಜಾಗ ಇದೆಯಾ ನೋಡಲು ಹೇಳಿ. ಹಳೇ ಡಿಜಿಟಲ್ ವಾಚುಗಳಲ್ಲಿ ಆ ಜಾಗಕ್ಕೂ ಸೆಲ್‌ನ ಪ್ಲಸ್ ಕಡೆಗೂ ಒಂದು ಕ್ಷಣ ಟ್ವೀಜರ್ ತಾಗಿಸಿ ರೀಸೆಟ್ ಮಾಡಬೇಕು. ಅದು ಮಾಡದೆ ಎಷ್ಟೋ ಒಳ್ಳೇ ವಾಚು ಕೆಟ್ಟಿದೆ ಅನ್ನಿಸಿಕೊಂಡು ಮೂಲೆ ಸೇರಿವೆ. ಡಯಲಿನ ಫೋಟೋ ಇವತ್ತೇ ಕಳಿಸಿ, ಕಾಯ್ತಾ ಇರ್ತೀನಿ.